‘ಇನ್‌ಸ್ಪೈರಿಂಗ್’ ಅಂದ್ಬಿಟ್ರೆ ಮುಗೀತಾ?

ಬಡತನದಲ್ಲಿ ಬೆಳೆದವರ ಆತ್ಮಕಥೆ ಓದಿ ಮುಗಿಸಿದ ಮೇಲೆ ಹೇಳೋಕೆ ನಮ್ಮ ಕ್ಯಾಂಪಸ್‌ನಲ್ಲಿ ಒಂದೇ ಪದ ಇರೋದು: ಇನ್‌ಸ್ಪೈರಿಂಗ್. ಅದರ ಹಿಂದೆಯೇ ಇನ್ನೊಂದು ವಾಕ್ಯ ಬರುತ್ತೆ, ‘ಅಷ್ಟು ಕಷ್ಟದಲ್ಲಿ ಅವರು ಓದಿದ್ರು, ನಮಗೇನಪ್ಪ ಧಾಡಿ?’ ಹೋದ ಸೆಮಿಸ್ಟರ್ ನಮ್ಮ ಸಂಘದ ಓದುಕೂಟದಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ ಇಟ್ಕೊಂಡಾಗಲೂ ಹೀಗೇ ಆಯ್ತು. ಬಂದವರಲ್ಲಿ ಮುಕ್ಕಾಲು ಪಾಲು ಜನ ಹೇಳಿದ್ದು ಅದೇ ಪದ. ಆಮೇಲೆ ಟೀ ಬಂತು, ಮಾತು ಇಂಟರ್ನಲ್ಸ್ ಕಡೆ ಹೋಯ್ತು. ಆ ಪದದ ಮೇಲೆ ನನಗೊಂದು ತಕರಾರಿದೆ.

ಓದದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಹೌದು, ಭಾನುವಾರ ಬೈಕ್ ತಗೊಂಡು ಡ್ಯಾಂ ನೋಡೋಕೆ ಹೋಗ್ತೀವಲ್ಲ, ಅದೇ ಮಂಚನಬೆಲೆ. ದಲಿತ ಕುಟುಂಬ. ಆಮೇಲೆ ಬೆಂಗಳೂರಿಗೆ ಬಂದು, ಶ್ರೀರಾಂಪುರದ ಸ್ಲಂನಲ್ಲಿ ಬೆಳೆದು, ಹಾಸ್ಟೆಲ್‌ನಲ್ಲಿದ್ದು ಓದಿ, ಕವಿಯಾದರು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕ, ವಿಧಾನ ಪರಿಷತ್ ಸದಸ್ಯ, 2015ರ ಶ್ರವಣಬೆಳಗೊಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಹೀಗೆ ಒಂದೇ ಉಸಿರಲ್ಲಿ ಹೇಳಿದರೆ ಲಿಂಕ್ಡ್‌ಇನ್ ಪೋಸ್ಟ್ ಥರ ಕೇಳಿಸುತ್ತೆ, ಅಲ್ವಾ? ತೊಂದರೆ ಶುರುವಾಗೋದೇ ಅಲ್ಲಿ. ಕೊನೆಗೆ ಏನಾದರು ಅಂತ ಮೊದಲೇ ಗೊತ್ತಿರೋದರಿಂದ, ಬಾಲ್ಯದ ಪುಟಗಳನ್ನೆಲ್ಲ ನಾವು ಆ ಕೊನೆಗೆ ಹತ್ತೋ ಮೆಟ್ಟಿಲು ಅಂತ ಓದ್ತೀವಿ.

ಪುಸ್ತಕದ ಶುರುವಿನಲ್ಲೇ ಒಂದು ದೃಶ್ಯ ಬರುತ್ತೆ. ಓದಿದವರು ಯಾರೂ ಮರೆಯಲ್ಲ. ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಇನ್ನೊಬ್ಬ ಹಿಂದಿನಿಂದ ಉಳ್ತಿದ್ದಾನೆ. ಹೊಲ ಅಯ್ನೋರದು. ನೋಡ್ತಿರೋ ಹುಡುಗನಿಗೆ ಮೊದಲು ಅದು ತಮಾಷೆ. ಆಮೇಲೆ ಗೊತ್ತಾಗುತ್ತೆ, ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ.

ಕೂಟದಲ್ಲಿ ಇದರ ಬಗ್ಗೆ ಬಂದ ಮಾತು, ‘ಅಷ್ಟೊಂದು ಬಡತನ ಇತ್ತು ಆ ಕಾಲದಲ್ಲಿ.’ ಬಡತನವಾ? ಕೈಯಲ್ಲಿ ದುಡ್ಡಿಲ್ಲ ಅಂತ ಯಾರೂ ತಾವಾಗಿ ಹೋಗಿ ಇನ್ನೊಬ್ಬರ ಹೊಲದಲ್ಲಿ ಎತ್ತಾಗಿ ನಿಲ್ಲಲ್ಲ. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಫ್ರೀ ಬಾಡಿ ಡಯಾಗ್ರಂ ಬರೀವಾಗ ನಮಗೆಲ್ಲ ಹೇಳಿಕೊಟ್ಟಿದ್ದಾರೆ, ಒಂದು ಬಾಣ ಬರೆದರೆ ಆ ಬಲ ಯಾವುದರಿಂದ ಬಂತು ಅಂತ ಹೇಳಬೇಕು, ಇಲ್ಲಾಂದ್ರೆ ಮಾರ್ಕ್ಸ್ ಇಲ್ಲ. ಆತ್ಮಕಥೆ ಓದುವಾಗ ಮಾತ್ರ ನಾವು ಹೆಗಲ ಮೇಲಿರೋ ನೊಗ ನೋಡ್ತೀವಿ, ಅದನ್ನು ಇಟ್ಟ ಕೈ ನೋಡಲ್ಲ. ‘ಬಡತನ ಇತ್ತು’ ಅಂದರೆ ಏನೋ ಆ ವರ್ಷ ಮಳೆ ಬರಲಿಲ್ಲ ಅಂದ ಹಾಗೆ. ಯಾರದ್ದೂ ತಪ್ಪಿಲ್ಲ.

ಶೀರ್ಷಿಕೆಯಲ್ಲೇ ಅದು ಇದೆ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ‘ಊರುಕೇರಿ’ ಅಂದ್ರೆ ಸುಮ್ಮನೆ ಜೋಡಿಪದ, ಮನೆಮಠ ಅಂದ ಹಾಗೆ. ಆದರೆ ಇದು ಎರಡು ಜಾಗದ ಹೆಸರು. ಊರು ಒಂದು ಕಡೆ, ದಲಿತರ ಕೇರಿ ಅದರಾಚೆ. ಮಧ್ಯದ ಗೆರೆ ದುಡ್ಡಿನದ್ದಲ್ಲ. ಊರಲ್ಲೂ ಬಡವರು ಇದ್ದರು, ಅವರು ಊರಲ್ಲೇ ಇದ್ದರು.

ಇನ್ನೊಂದು ಹೊಗಳಿಕೆ ಕೇಳಿಬಂತು: ಪುಸ್ತಕದಲ್ಲಿ ಎಲ್ಲೂ ಕಹಿ ಇಲ್ಲ, ಸಿಟ್ಟಿಲ್ಲ, ಎಷ್ಟು ಪಾಸಿಟಿವ್ ಮನುಷ್ಯ! ಪುಸ್ತಕ ನಗಿಸುತ್ತೆ, ನಿಜ. ಸ್ಮಶಾನದಲ್ಲಿ ಕೂತು ಓದುತ್ತಿದ್ದುದನ್ನೂ ಅವರು ಹೇಳೋ ರೀತಿಗೆ ಹಾಸ್ಟೆಲ್ ರೂಮಲ್ಲಿ ನಾನು ಒಬ್ಬನೇ ನಕ್ಕಿದ್ದೀನಿ, ರೂಮ್‌ಮೇಟ್ ಏನಾಯ್ತೋ ಅಂತ ಎದ್ದು ಕೂತ. ಆದರೆ ಇದೇ ಸಿದ್ಧಲಿಂಗಯ್ಯ 1975ರಲ್ಲಿ ‘ಹೊಲೆಮಾದಿಗರ ಹಾಡು’ ಬರೆದವರು. ಆ ಪದ್ಯಗಳನ್ನು ಒಂದ್ಸಲ ಜೋರಾಗಿ ಓದಿ ನೋಡಿ, ಸಿಟ್ಟು ಹೇಗಿರುತ್ತೆ ಅಂತ ಗೊತ್ತಾಗುತ್ತೆ. ಸಿಟ್ಟು ಇಲ್ಲದವರಲ್ಲ ಅವರು. ಈ ಪುಸ್ತಕಕ್ಕೆ ನಗುವನ್ನು ಆರಿಸಿಕೊಂಡರು, ಅಷ್ಟೇ. ಆ ನಗುವಿನಿಂದ ದೊಡ್ಡವರ ದೊಡ್ಡಸ್ತಿಕೆ ಸಣ್ಣದಾಗುತ್ತೆ, ಕೇರಿಯವರು ಬರೀ ‘ಪಾಪ’ ಅನ್ನಿಸಿಕೊಳ್ಳೋದರಿಂದ ತಪ್ಪಿಸಿಕೊಳ್ತಾರೆ. ಅದನ್ನು ‘ಕಹಿ ಇಲ್ಲ’ ಅಂತ ಮೆಚ್ಚಿಕೊಳ್ಳುವಾಗ ನಮಗೆ ಸಮಾಧಾನ ಆಗ್ತಿರೋದು ಯಾಕೆ ಅಂತ ಸ್ವಲ್ಪ ಕೇಳಿಕೊಳ್ಳಬೇಕು. ನಮ್ಮನ್ನು ಯಾರೂ ಬೈಲಿಲ್ಲ ಅಂತಲಾ?

ಮೋಟಿವೇಷನ್ ತಗೊಂಡರೆ ತಪ್ಪೇನು ಅಂತ ಒಬ್ಬ ಗೆಳೆಯ ಕೇಳಿದ. ಮೂರು ಬ್ಯಾಕ್‌ಲಾಗ್ ಇರೋನು ಇದನ್ನು ಓದಿ ರಾತ್ರಿ ಎರಡು ಗಂಟೆ ಜಾಸ್ತಿ ಓದಿದರೆ ಒಳ್ಳೇದೇ ತಾನೆ? ಒಳ್ಳೇದೇ, ಓದ್ಲಿ. ಆದರೆ ‘ಮನಸ್ಸು ಮಾಡಿದರೆ ಯಾರು ಬೇಕಾದರೂ ಮೇಲೆ ಬರಬಹುದು’ ಅನ್ನೋ ಪಾಠ ಈ ಪುಸ್ತಕದಿಂದ ಹೊರಡಲ್ಲ. ಹಾಸ್ಟೆಲ್ ಇತ್ತು. ಅಲ್ಲಿ ಊಟ ಇತ್ತು, ಜೊತೆಗಿದ್ದ ಹುಡುಗರಿದ್ದರು, ಆಮೇಲೆ ಒಂದು ಚಳವಳಿ ಇತ್ತು. ಮೇಲೆ ಬರದೇ ಹೋದ ಅದೇ ಕೇರಿಯ ಹುಡುಗರಿಗೆ ಮನಸ್ಸಿರಲಿಲ್ಲ ಅಂತ ಹೇಳೋ ಧೈರ್ಯ ನನಗಂತೂ ಇಲ್ಲ.

ಇದೇ ಬಾಯಲ್ಲಿ ನಾವು ಇನ್ನೊಂದು ಮಾತೂ ಆಡ್ತೀವಿ. ಸಿಇಟಿ ಅಲಾಟ್‌ಮೆಂಟ್ ಲಿಸ್ಟ್ ನೆನಪಿದೆಯಲ್ಲ, ರ‍್ಯಾಂಕ್ ಪಕ್ಕದಲ್ಲಿ ಜಿಎಂ, 2ಎಜಿ, ಎಸ್‌ಸಿಜಿ ಅಂತ ಕೋಡ್‌ಗಳು. ಫಸ್ಟ್ ಇಯರ್ ಮುಗಿಯೋದರೊಳಗೆ ಆ ಕೋಡ್‌ಗಳ ಮೇಲೆ ಜೋಕ್ ಕೇಳದವರು ಯಾರೂ ಇಲ್ಲ. ಶನಿವಾರ ಸಿದ್ಧಲಿಂಗಯ್ಯ ಇನ್‌ಸ್ಪೈರಿಂಗ್, ಸೋಮವಾರ ‘ಅವನಿಗೇನ್ ಬಿಡು, ಕೋಟಾ’. ಅರವಿಂದ ಮಾಲಗತ್ತಿಯವರು 1994ರಲ್ಲಿ ಬಂದ ತಮ್ಮ ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಅಂತ ಹೆಸರಿಟ್ಟರು. ಮೀಸಲಾತಿ ಪಡೆದವರನ್ನು ಹಂಗಿಸೋ ಮಾತನ್ನೇ ಎತ್ತಿ ಮುಖಪುಟದ ಮೇಲೆ ಹಾಕಿದರು. ಜೋಕ್ ಎಷ್ಟು ಹಳೇದು ನೋಡಿ. ನಾವು ಹೊಸದು ಮಾಡಿದ್ವಿ ಅಂದ್ಕೊಂಡಿದ್ವಿ.

ಕೂಟದಲ್ಲಿ ಒಬ್ಬ ಒಂದು ಮಾತೂ ಆಡಲಿಲ್ಲ. ‘ನೀನು ರಿಲೇಟ್ ಮಾಡ್ಕೊಂಡಿರ್ತೀಯಲ್ಲ, ನೀನೇ ಹೇಳು’ ಅಂತ ಯಾರೋ ಕರೆದರು. ಒಳ್ಳೇ ಉದ್ದೇಶದಿಂದಲೇ ಕರೆದಿದ್ದು, ನನಗೆ ಗೊತ್ತು. ಅವನು ‘ಪುಸ್ತಕ ಪೂರ್ತಿ ಓದಿಲ್ಲ ಕಣ್ರೋ’ ಅಂದ. ಓದಿದ್ದ. ಅವನ ಪ್ರತಿಯಲ್ಲೇ ನಾನು ಓದಿದ್ದು, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತಿದ್ದವು. ಅವನು ಬಂದದ್ದು ಒಂದು ಪುಸ್ತಕದ ಬಗ್ಗೆ ಮಾತಾಡೋಕೆ, ತನ್ನ ಮನೆ ಬಗ್ಗೆ ಸಾಕ್ಷಿ ಹೇಳೋಕಲ್ಲ. ಉಳಿದವರಿಗೆಲ್ಲ ಶೈಲಿ, ಭಾಷೆ, ಹಾಸ್ಯ ಅಂತ ವಿಷಯ, ಅವನಿಗೆ ಮಾತ್ರ ಅವನ ಅಪ್ಪ ಅಮ್ಮ.

ಪ್ರಶ್ನೆ ಕೇಳಲೇಬೇಕು ಅಂದರೆ ನಮ್ಮಂಥವರು ನಮ್ಮ ಮನೆಯಲ್ಲೇ ಕೇಳಬಹುದು. ದಸರಾ ರಜಕ್ಕೆ ಹೋದಾಗ ಅಜ್ಜೀನ ಕೇಳಿದೆ, ‘ಅಜ್ಜಿ, ತಾತನ ಕಾಲದಲ್ಲಿ ನಮ್ಮ ಹೊಲ ಉಳ್ತಿದ್ದೋರು ಯಾರು?’ ಇಬ್ಬರ ಹೆಸರು ಹೇಳಿದರು, ತಕ್ಷಣ, ಖುಷಿಯಿಂದ. ಎಂಥಾ ಕೆಲಸಗಾರರು ಅಂತ ಹೊಗಳಿದರು. ಊಟ ಎಲ್ಲಿ ಮಾಡ್ತಿದ್ರು ಅಂತ ಕೇಳಿದೆ. ‘ಹಿತ್ತಲಲ್ಲಿ. ಇನ್ನೆಲ್ಲಿ ಮಾಡ್ತಾರೆ?’ ಅಂದರು. ಅವರ ಮಕ್ಕಳು ಈಗ ಎಲ್ಲಿದ್ದಾರೆ ಅಂದಿದ್ದಕ್ಕೆ ಅಜ್ಜಿ ನನ್ನ ಮುಖ ನೋಡಿದರು. ‘ಅದೆಲ್ಲಾ ನಿಂಗ್ಯಾಕೋ ಈಗ?’ ಅಂತ ಎದ್ದು ಹಾಲು ಕಾಯಿಸೋಕೆ ಹೋದರು. ನಮ್ಮಜ್ಜಿ ಕೆಟ್ಟವರಲ್ಲ. ನನಗೆ ಸಿಗೋ ಬೆಣ್ಣೆಯೆಲ್ಲ ಅವರ ಕೈಯದ್ದೇ. ಆದರೆ ‘ಊರುಕೇರಿ’ ಓದುವಾಗ ನಾನು ಕೂತಿರೋ ಜಾಗ ಆ ಹುಡುಗನ ಪಕ್ಕದಲ್ಲಲ್ಲ, ಹೊಲದ ಯಜಮಾನರ ಮನೆ ಜಗುಲಿ ಮೇಲೆ. ಅಲ್ಲಿಂದ ಓದಿದರೆ ಪುಸ್ತಕ ಬೇರೆ ಥರ ಕಾಣುತ್ತೆ, ‘ಇನ್‌ಸ್ಪೈರಿಂಗ್’ ಅನ್ನೋ ಪದ ಬಾಯಿಗೆ ಬರಲ್ಲ.

ಮುಂದಿನ ತಿಂಗಳ ಕೂಟಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಇಟ್ಕೊಳ್ಳೋಣ ಅಂತ ಸಂಘದ ಗ್ರೂಪ್‌ನಲ್ಲಿ ಹಾಕಿದ್ದೀನಿ. ಈ ಸಲ ‘ಹೇಗನ್ನಿಸ್ತು’ ಅಂತ ಒಬ್ಬೊಬ್ಬರನ್ನೇ ಕೇಳೋ ರೌಂಡ್ ಬೇಡ. ಯಾವುದಾದರೂ ಎರಡು ಪುಟ ಆರಿಸಿ, ಜೋರಾಗಿ ಓದಿ, ಅದರಲ್ಲಿ ಯಾರು ಯಾರಿಗೆ ಏನು ಮಾಡ್ತಿದ್ದಾರೆ ಅನ್ನೋದರ ಬಗ್ಗೆ ಮಾತ್ರ ಮಾತಾಡೋಣ. ಲೈಬ್ರರಿಯಲ್ಲಿ ಎರಡು ಪ್ರತಿ ಇದೆ, ಕನ್ನಡ ವಿಭಾಗ ಮೂರನೇ ಮಹಡಿ, ಎಡಗಡೆ ಕೊನೇ ರ‍್ಯಾಕ್. ಒಂದು ನನ್ನ ಹತ್ರ ಇದೆ, ಶುಕ್ರವಾರ ವಾಪಸ್ ಕೊಡ್ತೀನಿ.