ಅಂಗಳಕ್ಕೊಂದು ರಂಜೆ

ಮನೆಯ ಮುಂದೆ ನಾಲ್ಕು ಮಾರು ಮಣ್ಣು ಸಿಕ್ಕಿತೆಂದರೆ ಸಾಕು, ಊರು ಬಿಟ್ಟು ಬಂದ ನಮ್ಮಂಥವರ ಮನಸ್ಸು ಅಲ್ಲಿ ನೆಡಬೇಕಾದ ಮರವನ್ನು ದೂರದಲ್ಲಿ ಹುಡುಕತೊಡಗುತ್ತದೆ. ಮೈಸೂರಿನವರಿಗೆ ಸಂಪಿಗೆಯ ನೆನಪು, ಬೆಂಗಳೂರಿನವರಿಗೆ ಜಕರಾಂಡದ ನೆನಪು. ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಈಚೆಗೆ ಇನ್ನೊಂದು ಹೆಸರೂ ಕೇಳಿಬರುತ್ತಿದೆ. ಅದು ಡಾಗ್‌ವುಡ್. ಏಪ್ರಿಲ್ ಸುಮಾರಿಗೆ ಮೈತುಂಬ ಬಿಳಿ ಅಥವಾ ನಸುಗೆಂಪು ಹೂ ಹೊತ್ತು ನಿಲ್ಲುವ ಚಿಕ್ಕ ಮರ. ವರ್ಜೀನಿಯ ಸಂಸ್ಥಾನದವರು ಅದರ ಹೂವನ್ನು 1918ರಲ್ಲಿ ತಮ್ಮ ನಾಡಿನ ಹೂವೆಂದೂ, ಮರವನ್ನು 1956ರಲ್ಲಿ ತಮ್ಮ ನಾಡಿನ ಮರವೆಂದೂ ಆರಿಸಿಕೊಂಡರು. ನಾವು ದಳವೆಂದು ಭಾವಿಸುವುದು ಅದರಲ್ಲಿ ದಳವಲ್ಲ, ಬೋಗನ್‌ವಿಲ್ಲಾದಲ್ಲಿರುವಂತೆ ಬಣ್ಣ ಪಡೆದ ಎಲೆ. ನಡುವಿನ ಪುಟ್ಟ ಗುಂಡಿಯಂಥದೇ ನಿಜವಾದ ಹೂಗೊಂಚಲು.

ಚಿತ್ರ ನೋಡಿದವರು ಇದನ್ನು ಇಲ್ಲಿ ಬೆಳೆಯಬಹುದೇ ಎಂದು ಕೇಳುವುದು ಸಹಜ. ಬೆಳೆಯಲಾಗದು. ಆ ಮರದ ಮೊಗ್ಗು ಅರಳಬೇಕಾದರೆ ಮೊದಲು ತಿಂಗಳುಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿ ಏಳಬೇಕು. ಜನವರಿಯ ರಾತ್ರಿಯಲ್ಲೂ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲೇ ಇರುವ ಚೆನ್ನೈಯಲ್ಲಿ ಅದಕ್ಕೆ ನಿದ್ರೆಯೂ ಇಲ್ಲ, ಎಚ್ಚರವೂ ಇಲ್ಲ.

ಹಾಗಾದರೆ ಬೆಂಗಳೂರಿನ ಮರಗಳನ್ನೇ ತರೋಣವೆಂದರೆ, ಆ ಊರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ. ಅಲ್ಲಿ ಒಂದಾದ ಮೇಲೊಂದರಂತೆ ವರ್ಷವಿಡೀ ಬೀದಿಯ ಮರಗಳು ಹೂಬಿಡುವಂತೆ ಯೋಜಿಸಿದವರು, 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಎಂಬುದು ಪ್ರಸಿದ್ಧ. ಅವರು ಕೂಡ ನಮ್ಮಂತೆಯೇ ಪರಸ್ಥಳದವರು. ಮರ ನೆಡುತ್ತ ನೆಡುತ್ತ ಅಲ್ಲಿಯೇ ನಿಂತುಬಿಟ್ಟರು. 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರಿಂದ ನಾವು ಕಲಿಯಬೇಕಾದದ್ದು ಜಕರಾಂಡ ನೆಡುವುದನ್ನಲ್ಲ, ನಾವಿರುವ ಊರಿನ ಹವೆಗೆ ಒಗ್ಗುವ ಮರವನ್ನು ಆರಿಸುವುದನ್ನು.

ಚೆನ್ನೈಯ ಹವೆಯೆಂದರೆ ಉಪ್ಪುಗಾಳಿ, ಕತ್ತರಿ ಬಿಸಿಲು, ಕೊನೆಗೆ ಚಂಡಮಾರುತ. ವರ್ಷಕ್ಕೆ ಸುಮಾರು 1400 ಮಿಲಿಮೀಟರು ಮಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಸುರಿದುಹೋಗುತ್ತದೆ. 2016ರ ಡಿಸೆಂಬರ್ 12ರಂದು ವರ್ದಾ ಬಂದುದನ್ನು ಯಾರೂ ಮರೆತಿರಲಾರರು. ಒಂದು ಮಧ್ಯಾಹ್ನದಲ್ಲಿ ಸಾವಿರಾರು ಮರಗಳು ರಸ್ತೆಗೆ ಅಡ್ಡ ಬಿದ್ದವು. ಮಡಗಾಸ್ಕರ್ ಮೂಲದ ಗುಲ್‌ಮೊಹರ್‌ನಂಥ, ಸುಲಭವಾಗಿ ಮುರಿಯುವ ಮರಗಳು ಅವುಗಳಲ್ಲಿ ಬಹಳ. ಹೊರಗಿನಿಂದ ಬಂದದ್ದು ಮರದ ತಪ್ಪಲ್ಲ. ಸುತ್ತ ಸಿಮೆಂಟು ಬಳಿದು ಬೇರಿಗೆ ಜಾಗ ಕೊಡದ ಕಡೆ ಈ ನೆಲದ ಮರಗಳೂ ಉರುಳಿದವು.

ಇವೆಲ್ಲವನ್ನೂ ತೂಗಿ ನೋಡಿದರೆ, ಸಣ್ಣ ಅಂಗಳಕ್ಕೆ ನಾವು ಸೂಚಿಸುವ ಮರ ಬಕುಳ. ಕರಾವಳಿಯವರು ಇದನ್ನು ರಂಜೆ, ರೆಂಜೆ ಎನ್ನುತ್ತಾರೆ. ತಮಿಳರು ಮಗಿಳಂ ಎನ್ನುತ್ತಾರೆ. ತಮಿಳಿನಲ್ಲಿ ಮಗಿಳ್ ಎಂದರೆ ಸಂತೋಷಪಡು. ನಮ್ಮ ರಂಜೆಯಲ್ಲೂ ರಂಜಿಸುವ ಸದ್ದಿದೆ. ಇದು ಹಸಿರು ಬತ್ತದ ಮರ. ಒತ್ತಾಗಿ ಗುಂಡಗೆ ಬೆಳೆದು ತಂಪಾದ ನೆರಳು ಕೊಡುತ್ತದೆ, ಕಡಲಗಾಳಿಯನ್ನು ತಾಳುತ್ತದೆ, ಕತ್ತರಿಸಿದರೆ ಮುನಿಯುವುದಿಲ್ಲ. ಹೂ ನಕ್ಷತ್ರದಷ್ಟು ಚಿಕ್ಕದು, ಮಾಸಲು ಬಿಳುಪು. ಮರದ ಮೇಲೆ ಹುಡುಕಿದರೂ ಕಾಣದು. ಬೆಳಗಾಗುವ ಹೊತ್ತಿಗೆ ನೆಲದ ಮೇಲೆ ಚೆಲ್ಲಿರುತ್ತದೆ. ನಡುವೆ ತೂತಿರುವುದರಿಂದ ಸೂಜಿಯಿಲ್ಲದೆ ಬಾಳೆನಾರಿನಲ್ಲಿ ಪೋಣಿಸಬಹುದು. ಒಣಗಿದರೂ ಪರಿಮಳ ಹೋಗದ ಕಾರಣ, ನಮ್ಮ ಅಜ್ಜಿಯರು ಸೀರೆಯ ಮಡಿಕೆಯಲ್ಲಿಟ್ಟು ಕಾಪಾಡುತ್ತಿದ್ದರು.

ಇನ್ನು ನೆಡುವ ಕ್ರಮ. ಕೆಳಗೆ ಬಿದ್ದ ಕಿತ್ತಳೆ ಬಣ್ಣದ ಹಣ್ಣನ್ನು ಆಯ್ದು, ತಿರುಳು ತೊಳೆದು, ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಸಿ ಕೂಡಲೇ ಬಿತ್ತಬೇಕು. ಮೊಳಕೆಗೆ ವಾರಗಟ್ಟಲೆ ಕಾಯಬೇಕಾಗುವುದು. ಅಷ್ಟು ತಾಳ್ಮೆಯಿಲ್ಲದವರು ನರ್ಸರಿಯಲ್ಲಿ ಮಗಿಳಂ ಸೆಡಿ ಎಂದು ಕೇಳಿ ಎರಡು ಮೂರು ಅಡಿಯ ಸಸಿ ತರಬಹುದು. ಚೀಲದೊಳಗೆ ಬೇರು ಸುತ್ತಿಕೊಂಡಿರುವ ಗಿಡ ಬೇಡ. ಉದ್ದ, ಅಗಲ, ಆಳ ಎರಡೆರಡು ಅಡಿಯ ಗುಂಡಿ ತೆಗೆದು ಒಂದೆರಡು ವಾರ ಬಿಸಿಲು ಕಾಣಿಸಿ, ಮಣ್ಣಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ತುಂಬುವುದು. ಬೆಸೆಂಟ್ ನಗರದಂಥ ಮರಳು ನೆಲಕ್ಕೆ ಕೆಮ್ಮಣ್ಣೂ ಸೇರಲಿ. ಜೇಡಿಮಣ್ಣಿನ ಬಡಾವಣೆಗಳಲ್ಲಿ ನೀರು ನಿಲ್ಲದಂತೆ ದಿಣ್ಣೆ ಮಾಡಿ ನೆಡತಕ್ಕದ್ದು. ಗೋಡೆಯಿಂದ ಹನ್ನೆರಡು ಅಡಿಯಾದರೂ ದೂರವಿರಲಿ. ವಿದ್ಯುತ್ ತಂತಿಯ ಕೆಳಗೆ ಬೇಡ. ಬುಡದ ಸುತ್ತ ಮೂರಡಿ ಮಣ್ಣನ್ನು ಬಿಡದೆ ಸಿಮೆಂಟು ಹಾಕಿಸುವವರು ಮರ ನೆಡದಿರುವುದೇ ಲೇಸು. ನವರಾತ್ರಿಯ ಹೊತ್ತಿಗೆ ಗುಂಡಿ, ದೀಪಾವಳಿಯ ಮಳೆಗೆ ಗಿಡ ಎಂದು ನೆನಪಿಟ್ಟುಕೊಂಡರೆ ಸಾಕು. ಗೂಟಕ್ಕೆ ತೆಂಗಿನ ಹುರಿಯಿಂದ ಸಡಿಲವಾಗಿ ಕಟ್ಟಿ. ಮೊದಲ ಎರಡು ಬೇಸಗೆ ನೀರು ತಪ್ಪಿಸಬೇಡಿ. ಉದುರಿದ ಎಲೆಯನ್ನು ಬುಡಕ್ಕೇ ಹೊದಿಸಿ.

ಇದರಲ್ಲಿ ಒಂದೇ ಒಂದು ದೋಷವುಂಟು. ಬೆಳೆಯುವುದು ಬಲು ನಿಧಾನ. ಸರ್ಕಾರಿ ಕಚೇರಿಯಲ್ಲಿ ಕಡತ ಮೇಜಿನಿಂದ ಮೇಜಿಗೆ ಸಾಗುವುದನ್ನು ದಿನವೂ ನೋಡುವ ನಮಗೇ ಇದು ನಿಧಾನವೆನಿಸುತ್ತದೆ ಎಂದ ಮೇಲೆ ವಾಚಕರು ಊಹಿಸಿಕೊಳ್ಳಬಹುದು. ಬೀಜದಿಂದ ಬಂದ ಗಿಡ ಹೂ ತೋರಿಸಲು ಹಲವು ವರ್ಷ ಬೇಕು. ಇಲ್ಲಿಯೇ ನಮ್ಮ ಮನೆಗಳಲ್ಲಿ ಮಾತು ನಿಂತುಹೋಗುವುದು. “ಬಾಡಿಗೆ ಮನೆ, ಯಾರಿಗಾಗಿ ನೆಡಬೇಕು?” “ಪೆನ್ಷನ್ ಆದ ಮೇಲೆ ಊರಿಗೇ ಹೋಗುವವರಲ್ಲವೇ?” ಹೀಗೆ ಹೇಳುತ್ತ ಮೂವತ್ತು ವರ್ಷ ಇಲ್ಲಿಯೇ ಕಳೆದವರು ನಮ್ಮಲ್ಲಿ ಎಷ್ಟು ಮಂದಿ! ಅಷ್ಟರಲ್ಲಿ ಎರಡು ತಲೆಮಾರು ರಂಜೆಯ ನೆರಳಿನಲ್ಲಿ ಆಡಬಹುದಾಗಿತ್ತು.

ನಗರದ ಉತ್ತರಕ್ಕಿರುವ ತಿರುವೊಟ್ರಿಯೂರಿನ ತ್ಯಾಗರಾಜಸ್ವಾಮಿ ದೇವಾಲಯದ ಸ್ಥಳವೃಕ್ಷ ಇದೇ ಮಗಿಳಂ. ಹರಿಹರ ಕವಿ ನಂಬಿಯಣ್ಣನೆಂದು ಕನ್ನಡದಲ್ಲಿ ರಗಳೆ ಕಟ್ಟಿ ಹಾಡಿದ ಸುಂದರಮೂರ್ತಿಯ ಕಥೆ ಅಲ್ಲಿಯದು. ತಿರುವಾರೂರಿನಲ್ಲಿ ಪರವೆಯನ್ನು ಬಿಟ್ಟು ಬಂದ ಅವನು ಇಲ್ಲಿ ಸಂಕಿಲಿಯನ್ನು ಮೆಚ್ಚಿದ. ಈ ಊರನ್ನು ಬಿಟ್ಟುಹೋಗೆನೆಂದು ಆಣೆಯಿಡಬೇಕಾಗಿ ಬಂತು. ಸನ್ನಿಧಿಯಲ್ಲಿ ಆಣೆಯಿಡುವಾಗ ಗರ್ಭಗುಡಿ ಬಿಟ್ಟು ಮಗಿಳಂ ಮರಕ್ಕೆ ಹೋಗಿರೆಂದು ಅವನು ಶಿವನನ್ನೇ ಬೇಡಿಕೊಂಡ. ಶಿವನೋ, ಮರದಡಿಯಲ್ಲೇ ಆಣೆ ಹಾಕಿಸು ಎಂದು ಸಂಕಿಲಿಯ ಕಡೆಗೆ ಕನಸಿನಲ್ಲಿ ಸುಳಿವು ಕೊಟ್ಟ! ಆಣೆಯಾಯಿತು. ವಸಂತ ಬರಲು ತಿರುವಾರೂರಿನ ನೆನಪು ತಡೆಯಲಾರದೆ ಅವನು ಊರ ಗಡಿ ದಾಟಿದ; ಕಣ್ಣು ಹೋಯಿತು. ಕಣ್ಣುಗಳು ಮರಳಿ ಬಂದದ್ದು ಆಮೇಲಿನ ಕಥೆ.

ಊರ ನೆನಪಿನ ಎಳೆತ ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದುದರಿಂದ ನಂಬಿಯಣ್ಣನನ್ನು ದೂರುವ ಮನಸ್ಸು ನಮಗಿಲ್ಲ. ನಮ್ಮ ಅಂಗಳದ ರಂಜೆ ನಮ್ಮಿಂದ ಯಾವ ಆಣೆಯನ್ನೂ ಕೇಳುವುದಿಲ್ಲ. ನಾವು ಹೋದರೂ ನಮ್ಮ ನಂತರ ಆ ಮನೆಗೆ ಬರುವ ತಮಿಳು ಕುಟುಂಬದ ಮಗುವೊಂದು ಬೆಳಿಗ್ಗೆ ಎದ್ದು ಹೂ ಆಯುತ್ತದೆ. ಇಷ್ಟು ವರ್ಷ ಅನ್ನ ನೀರು ಕೊಟ್ಟ ಊರಿಗೆ ನಾವು ತೀರಿಸಬಹುದಾದ ಋಣದಲ್ಲಿ ಇದು ಅತ್ಯಂತ ಅಗ್ಗದ್ದು.

ಫ್ಲಾಟುಗಳಲ್ಲಿರುವವರು ನಾಲ್ಕಾರು ಮನೆಯವರು ಕೂಡಿ ಆವರಣದಲ್ಲಿ ಒಂದು ನೆಡಬಹುದು. ಬಾಡಿಗೆಯವರು ಯಜಮಾನರ ಒಪ್ಪಿಗೆ ಪಡೆಯಲಿ; ಇಲ್ಲವೇ ದೊಡ್ಡ ತೊಟ್ಟಿಯಲ್ಲಿ ಒಂದೆರಡು ವರ್ಷ ಸಾಕಿ, ಸಮೀಪದ ಶಾಲೆಗೋ ಗುಡಿಗೋ ಕೊಡಲಿ. ಈ ದೀಪಾವಳಿಗೆ ಗಿಡ ನೆಟ್ಟವರು ಪತ್ರಿಕೆಗೆ ಒಂದು ಸಾಲು ಬರೆಯಬೇಕಾಗಿ ಕೋರುತ್ತೇವೆ.