ಗೋಡೆಯ ಮೇಲಿನ ಎಂಟು ಕಣ್ಣಿನ ಅತಿಥಿ

ಹಬ್ಬ ಹತ್ತಿರ ಬಂತೆಂದರೆ ಸಿಂಗಪುರದ ನಮ್ಮ ಎಚ್‌ಡಿಬಿ ಮನೆಗಳಲ್ಲೂ ಪೊರಕೆ ಮೇಲೇಳುತ್ತದೆ. ಮೂಲೆಯ ಬಲೆಯ ಜೊತೆಗೆ ಗೋಡೆಯ ಮೇಲೆ ಕುಪ್ಪಳಿಸುವ ಪುಟ್ಟ ಜೇಡಕ್ಕೂ ಏಟು ಬೀಳುತ್ತದೆ. ಪಾಪ, ಆ ಬಲೆ ಇದರದ್ದಲ್ಲ! ಇದು ಬಲೆ ಹೆಣೆದು ಬೇಟೆಗೆ ಕಾಯುವುದಿಲ್ಲ. ಬೆಕ್ಕಿನಂತೆ ಹೊಂಚುಹಾಕಿ, ನೆಗೆದು ಹಿಡಿಯುತ್ತದೆ. ನೊಣ, ಸೊಳ್ಳೆಗಳೇ ಇದರ ಊಟ. ಡೆಂಗ್ಯೂ ಇರುವ ಊರಿನಲ್ಲಿ ಇಂಥ ಅತಿಥಿ ಇದ್ದರೆ ತಪ್ಪೇನು?

ಗುರುತಿಸುವುದು ಸುಲಭ. ಮೊದಲು ಮುಖ ನೋಡಿ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಕಾರಿನ ಹೆಡ್‌ಲೈಟಿನಂತೆ ದೊಡ್ಡವು. ಬೆರಳು ಚಾಚಿದರೆ ತಿರುಗಿ ನಿಮ್ಮನ್ನೇ ದಿಟ್ಟಿಸುತ್ತದೆ. ಸಾಲ್ಟಿಸಿಡೇ ಎಂಬ ಈ ಕುಟುಂಬದಲ್ಲಿ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಮನೆಯಲ್ಲಿ ಕಾಣುವವು ಮಾತ್ರ ಬೆರಳೆಣಿಕೆಯಷ್ಟು. ಕಪ್ಪು ಮೈಯ ನಡುವೆ ಬಿಳಿ ಪಟ್ಟೆಯಿದ್ದರೆ ಅದು ಪ್ಲೆಕ್ಸಿಪ್ಪಸ್ ಪೇಕುಲಿಯ ಗಂಡು. ಹೆಣ್ಣು ಕಂದು ಬಣ್ಣದ್ದು. ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿ, ಬೂದು ಬಣ್ಣದಲ್ಲಿದ್ದರೆ ಮೆನೆಮೆರಸ್. ಇವೆರಡೂ ಬೆಂಗಳೂರಿನ ಮನೆಗಳಲ್ಲೂ ಇವೆ. ನಮಗೆ ಹಳೆಯ ನೆಂಟರೇ!

ಇನ್ನೂ ತಿಳಿಯುವ ಆಸೆಯಿದ್ದವರು ಜೋಸೆಫ್ ಕೋ ಅವರು ಸಿಂಗಪುರದ ಜೇಡಗಳ ಬಗ್ಗೆ ಬರೆದ, 1989ರಲ್ಲಿ ಪ್ರಕಟವಾದ ಕೈಪಿಡಿಯನ್ನು ನೋಡಬಹುದು. ಪಕ್ಕದ ಮನೆಯ ಚೀನೀ ಅಜ್ಜನನ್ನೂ ಕೇಳಿ. ಇದೇ ಕುಟುಂಬದ ಹೋರಾಟದ ಜೇಡವನ್ನು ಬೆಂಕಿಪೊಟ್ಟಣದಲ್ಲಿಟ್ಟು ಕಾಳಗಕ್ಕೆ ಬಿಡುವುದು ಇಲ್ಲಿಯ ಹಿಂದಿನ ಮಕ್ಕಳ ಅಚ್ಚುಮೆಚ್ಚಿನ ಆಟವಾಗಿತ್ತು.

ಇನ್ನು ವೈದ್ಯನಾಗಿ ಒಂದು ಮಾತು. ಈ ಜೇಡ ತಾನಾಗಿ ಮೇಲೆ ಬಿದ್ದು ಕಚ್ಚುವುದಿಲ್ಲ. ಬಟ್ಟೆಯಲ್ಲಿ ಸಿಕ್ಕಿ ಅಪರೂಪಕ್ಕೆ ಕಚ್ಚಿದರೂ ಸೋಪಿನಿಂದ ತೊಳೆದು, ತಣ್ಣೀರಿನ ಪಟ್ಟಿ ಹಾಕಿದರೆ ಸಾಮಾನ್ಯವಾಗಿ ಸಾಕು. ನನ್ನ ಚಿಂತೆ ಬೇರೆ. ಮೈಮೇಲೆ ಗುಳ್ಳೆ ಎದ್ದರೆ "ಜೇಡ ಉಚ್ಚೆ ಹೊಯ್ದಿದೆ" ಎಂದು ಅರಿಸಿನ ಹಚ್ಚಿ ಕಾಯುವ ಅಭ್ಯಾಸ ನಮ್ಮವರಲ್ಲಿ ಇನ್ನೂ ಇದೆ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆಗಳೆದ್ದು, ಅದಕ್ಕೂ ಮೊದಲೇ ಉರಿ, ನೋವು ಇದ್ದರೆ ಅದು ಸರ್ಪಸುತ್ತು ಇರಬಹುದು. ಎಂದೋ ಬಂದು ಹೋದ ಚಿಕನ್‌ಪಾಕ್ಸ್‌ನ ವೈರಾಣು ನರದಲ್ಲಿ ಅಡಗಿದ್ದು ಮತ್ತೆ ತಲೆಯೆತ್ತುವುದರಿಂದ ಇದು ಬರುತ್ತದೆ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಶುರುವಾದರೆ ಹೆಚ್ಚು ಫಲ. ಕಣ್ಣಿನ ಬಳಿ ಎದ್ದರೆ ದೃಷ್ಟಿಗೇ ಅಪಾಯ. ಅಂದೇ ಆಸ್ಪತ್ರೆಗೆ ಓಡಬೇಕು. ಮಧುಮೇಹಿಗಳು, ಊರಿಂದ ಬಂದ ವಯಸ್ಸಾದ ತಂದೆತಾಯಿಯರ ವಿಷಯದಲ್ಲಂತೂ ತಡ ಸಲ್ಲದು.

ಆದ್ದರಿಂದ ಜೇಡ ಬೇಡವೆನಿಸಿದರೆ ಲೋಟ ಮುಚ್ಚಿ, ಕೆಳಗೆ ಕಾಗದ ತೂರಿಸಿ, ಗಿಡದ ಬಳಿ ಬಿಟ್ಟುಬನ್ನಿ. ಗುಳ್ಳೆಯನ್ನು ಮಾತ್ರ ವೈದ್ಯರಿಗೆ ತೋರಿಸಿ.