ಬಸುರಿಯೊಬ್ಬಳಿಗೇ ಪಥ್ಯವೇ?

ಗರ್ಭಿಣಿಗೆ ಪಥ್ಯ ಹೇಳುವುದು ನಮಗೆ ಹೊಸದಲ್ಲ. ಪಪ್ಪಾಯಿ ಬೇಡ, ಎಳ್ಳು ಬೇಡ ಎನ್ನುವವರು ಮನೆಮನೆಯಲ್ಲಿದ್ದಾರೆ. ಷಿಕಾಗೋ ನಗರವನ್ನು ತಾಗಿರುವ ಮಿಷಿಗನ್ ಸರೋವರದ ಮೀನಿಗೂ ಒಂದು ಪಥ್ಯವಿದೆ: ಚರ್ಮ ಸುಲಿಯಿರಿ, ಹೊಟ್ಟೆಯ ಕೊಬ್ಬು ಕತ್ತರಿಸಿ ತೆಗೆಯಿರಿ, ಉಳಿದ ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಜಾಲರಿಯ ಮೇಲೆ ಸುಡಿ. ಸಲಹೆ ಸರಿಯೇ. ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ವಿಷ ಕೊಬ್ಬಿನಲ್ಲೇ ಸೇರಿಕೊಳ್ಳುತ್ತದೆ. ಆದರೆ ಅದು ಹೆಣ್ಣಿನ ಮೈಕೊಬ್ಬಿನಲ್ಲೂ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಯಾವ ಚೂರಿಯಿಂದ ಕತ್ತರಿಸುವುದು?

ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಮತ್ತು ಸಾಂಡ್ರಾ ಜೇಕಬ್ಸನ್ ದಂಪತಿ ಈ ಸರೋವರದ ಮೀನು ತಿಂದ ತಾಯಂದಿರ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತ ಬಂದರು. 11ನೇ ವಯಸ್ಸಿನಲ್ಲಿ 212 ಮಕ್ಕಳನ್ನು ಪರೀಕ್ಷಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಗರ್ಭದಲ್ಲಿ ಅತಿ ಹೆಚ್ಚು ಪಿಸಿಬಿ ತಗುಲಿದ್ದ ಮಕ್ಕಳ ಬುದ್ಧಿಮಟ್ಟ ಸರಾಸರಿ 6.2 ಅಂಕ ಕೆಳಗಿತ್ತು. ಎದೆಹಾಲಿನಿಂದ ಇನ್ನೂ ಹೆಚ್ಚು ವಿಷ ಮಗುವಿಗೆ ಹೋಗಿದ್ದರೂ ಈ ಹಾನಿಯ ನಂಟು ಕಂಡದ್ದು ಗರ್ಭದ ದಿನಗಳ ಜೊತೆ ಮಾತ್ರ. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿ ಬೆಳೆಯುತ್ತದೆ. ಪಿಸಿಬಿ ಆ ಹಾರ್ಮೋನಿನ ಕೆಲಸವನ್ನೇ ಕೆಡಿಸುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಆರು ಅಂಕ ಏನು ಮಹಾ ಎನ್ನಬಹುದು. ಒಂದು ಮಗುವಿನಲ್ಲಿ ಅದು ಯಾರ ಕಣ್ಣಿಗೂ ಬೀಳದು, ನಿಜ. ನನ್ನ ಸಂಕಟ ಇರುವುದೂ ಅಲ್ಲೇ. ಪಾಠ ತಲೆಗೆ ಹತ್ತದ ಮಗುವಿಗೆ ಬೈಗುಳ ಸಿಗುತ್ತದೆ. ಕಾರಣ ಸರೋವರದ ಬಂದರೊಂದರ ಕೆಸರಿನಲ್ಲಿದ್ದೀತೆಂದು ಯಾವ ವೈದ್ಯರೂ ಬರೆದುಕೊಡಲಾರರು. ಒಂದೊಂದು ಮಗುವಿನಲ್ಲೂ ಪುರಾವೆ ಕೇಳುವುದೆಂದರೆ ಎಂದೂ ಏನೂ ಮಾಡದಿರುವುದು ಎಂದೇ ಅರ್ಥ. ಷಿಕಾಗೋದ ಉತ್ತರಕ್ಕೆ ಇದೇ ಸರೋವರದ ದಡದಲ್ಲಿರುವ ವಾಕೀಗನ್ ಬಂದರಿಗೆ ದೋಣಿ ಎಂಜಿನ್ನುಗಳ ಕಾರ್ಖಾನೆಯೊಂದರಿಂದ ಪಿಸಿಬಿ ಹರಿಯಿತು. ಆ ಕಾರ್ಖಾನೆ 1961ರಿಂದ 1972ರವರೆಗೆ ಅದನ್ನು ಬಳಸಿತ್ತು. ಬಳಸುವ ಮುನ್ನ ಕಾರ್ಖಾನೆಗೆ ಕೇಳಬೇಕಿದ್ದ ಪ್ರಶ್ನೆಯನ್ನು ನಾವು ಅಡುಗೆಮನೆಯಲ್ಲಿ ನಿಂತ ಹೆಂಗಸಿಗೆ ಕೇಳುತ್ತಿದ್ದೇವೆ. 1979ರಲ್ಲಿ ಅಮೆರಿಕ ಪಿಸಿಬಿ ತಯಾರಿಕೆಯನ್ನು ನಿಷೇಧಿಸಿತು. ಮೀನುಗಳಲ್ಲಿ ವಿಷ ಇಳಿದದ್ದು ಇಂಥ ತಡೆಗಳಿಂದ; ಬಸುರಿಯರ ಪಥ್ಯದಿಂದಲ್ಲ.

ಕಾಸರಗೋಡಿನ ಪಡ್ರೆ ಗ್ರಾಮದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕಾಯಿಲೆಗಳನ್ನು ಕಂಡು ಡಾ. ವೈ.ಎಸ್. ಮೋಹನಕುಮಾರ್ ಪ್ರಶ್ನೆ ಎತ್ತಿದರು, ಪತ್ರಕರ್ತ ಶ್ರೀ ಪಡ್ರೆ ಬರೆದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಮೀನಾದರೆ ಬಿಡಬಹುದು, ಚರ್ಮ ಸುಲಿಯಬಹುದು. ಗುಡ್ಡದ ಸುರಂಗದಿಂದ ಬರುವ ನೀರನ್ನೇ ಕುಡಿಯುವ ಬಸುರಿಗೆ ಏನು ಪಥ್ಯ ಹೇಳಲು ಸಾಧ್ಯವಿತ್ತು?